‘ನರ್ವ್ ಬ್ಲಾಕ್ ಮಾಡಲಾಗಿದೆ’ ಅಂತ ಬರೆದರೆ ಸಾಕಾ?

ಪರಿಚಯದವರೊಬ್ಬರ ಡಿಸ್ಚಾರ್ಜ್ ಸಮ್ಮರಿ ಈಗಷ್ಟೇ ನೋಡಿದೆ. ಸೊಂಟದಿಂದ ಪಾದದವರೆಗೆ ಎಳೆಯುವ ನೋವಿಗೆ ಇಂಜೆಕ್ಷನ್ ಆಗಿದೆ, ಅಂದ್ರೆ ನೋಯುವ ನರದ ಬುಡಕ್ಕೆ ಮರಗಟ್ಟಿಸುವ ಔಷಧ, ಸ್ಟೆರಾಯ್ಡ್ ಬಿಡೋ ನರ್ವ್ ಬ್ಲಾಕ್. ಬರೆದಿರೋದು ಇಷ್ಟೇ: “ನರ್ವ್ ಬ್ಲಾಕ್ ಮಾಡಲಾಗಿದೆ. 2 ವಾರ ಬಿಟ್ಟು ಬರುವುದು.” ಯಾವ ನರ? ಎಡವೋ ಬಲವೋ? ಯಾವ ಔಷಧ, ಎಷ್ಟು? ಒಂದೂ ಇಲ್ಲ. ಓದಿದಾಗಿನಿಂದ ಮೈಯೆಲ್ಲಾ ಉರೀತಿದೆ.

ಇದು ಸೊಂಟಕ್ಕೆ ಎಲ್ಲೋ ಒಂದು ಕಡೆ ಚುಚ್ಚಿ ಕಳಿಸೋ ಇಂಜೆಕ್ಷನ್ ಅಲ್ಲ. ಬೋರಲು ಮಲಗಿಸಿ, ಹೊಟ್ಟೆ ಕೆಳಗೆ ದಿಂಬಿಟ್ಟು, ಸ್ಕ್ರೀನಿನಲ್ಲಿ ತೋರಿಸುವ ಎಕ್ಸ್-ರೇ ಯಂತ್ರ ಸಿ-ಆರ್ಮ್‌ನಲ್ಲಿ ನೋಡ್ತಾ ನೋಡ್ತಾ, ಸಾಮಾನ್ಯವಾಗಿ 22 ಗೇಜಿನ ಮೂರೂವರೆ ಇಂಚಿನ ಸೂಜಿಯನ್ನ ನರ ಹೊರಬರುವ ಕಿಂಡಿಯವರೆಗೆ ಒಯ್ಯಬೇಕು. ಮೊದಲು ಅರ್ಧದಿಂದ 1 ಮಿಲಿ ಕಾಂಟ್ರಾಸ್ಟ್, ಅಂದ್ರೆ ಎಕ್ಸ್-ರೇಯಲ್ಲಿ ಕಾಣುವ ದ್ರವ. ಅದು ನರದ ಗುಂಟ ಗೆರೆ ಎಳೆದ ಹಾಗೆ ನಿಂತರೆ ಸರಿ. ಬಿಟ್ಟ ಕ್ಷಣವೇ ಹರಿದು ಮಾಯವಾದರೆ ಸೂಜಿ ರಕ್ತನಾಳದೊಳಗಿದೆ, ಔಷಧ ಬಿಡೋ ಹಾಗೇ ಇಲ್ಲ. ಟ್ರಯಾಮ್ಸಿನೊಲೋನ್‌ನಂಥ ಕಣಗಳಿರುವ ಸ್ಟೆರಾಯ್ಡ್ ಬೆನ್ನುಹುರಿಗೆ ಹೋಗುವ ರಕ್ತನಾಳಕ್ಕೆ ಸಿಕ್ಕಿ, ಕಾಲಿನ ಸ್ವಾಧೀನವೇ ಹೋಗಿರೋ ಉದಾಹರಣೆಗಳಿವೆ. ಅದಕ್ಕೇ ಇಲ್ಲಿ ಕಣಗಳಿಲ್ಲದ ಡೆಕ್ಸಾಮೆಥಾಸೋನ್‌ಗೆ ಮೊದಲ ಆದ್ಯತೆ. ಇಷ್ಟು ಸೂಕ್ಷ್ಮದ ಕೆಲಸ ಮಾಡಿ, ಹಾಕಿದ್ದು ಯಾವುದು ಅಂತ ಬರೆಯಲ್ಲ ಅಂದ್ರೆ?

ಯಾವ ನರ ಅನ್ನೋದೇ ಇಲ್ಲಿ ಅರ್ಧ ಚಿಕಿತ್ಸೆ. ಬೆನ್ನುಮೂಳೆಯ ಕೆಳಭಾಗದಿಂದ ಕಾಲಿಗೆ ಇಳಿಯುವ ನರಗಳಲ್ಲಿ ಎಲ್5 ಅನ್ನೋದು ಒತ್ತಿದ್ದರೆ ನೋವು ಪಾದದ ಮೇಲ್ಭಾಗ, ಹೆಬ್ಬೆರಳ ಕಡೆ ಇಳಿಯುತ್ತೆ. ಎಸ್1 ಆದರೆ ಹಿಮ್ಮಡಿ, ಕಿರುಬೆರಳ ಕಡೆ. ಎಂ.ಆರ್.ಐ.ನಲ್ಲಿ ಎಷ್ಟೋ ಸಲ ಎರಡು ಡಿಸ್ಕ್ ಉಬ್ಬಿರುತ್ತೆ, ನೋವು ಯಾವುದರಿಂದ ಅಂತ ಅದರಲ್ಲೇ ಗೊತ್ತಾಗಲ್ಲ. ಮರಗಟ್ಟಿಸುವ ಔಷಧ (ಲಿಗ್ನೋಕೇನ್) ಬಿದ್ದ ಅರ್ಧ ಗಂಟೆಯಲ್ಲಿ ಕಾಲಿನ ನೋವು (10ರ ಅಳತೆಯಲ್ಲಿ) 8ರಿಂದ 2ಕ್ಕೆ ಇಳಿದರೆ ಆ ನರದ್ದೇ ತೊಂದರೆ ಅಂತ ಬಲವಾದ ಸುಳಿವು. ನಾಳೆ ಆಪರೇಷನ್ ಮಾತು ಬಂದರೆ ಸರ್ಜನ್‌ಗೆ ಬೇಕಿರೋದು ಅದೇ ಸಂಖ್ಯೆ. ಬರೆದಿಲ್ಲ, ಹೋಯ್ತು.

“ರೋಗಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತೆ” ಅನ್ನೋರಿದ್ದಾರೆ. ಅರ್ಥವಾಗಬೇಕಾದ್ದು ಮುಂದಿನ ಡಾಕ್ಟರಿಗೆ ಸ್ವಾಮಿ! ಜಯನಗರದಲ್ಲಿ ಬ್ಲಾಕ್ ಮಾಡಿಸಿಕೊಂಡವರು ಶುಗರ್‌ಗೆ ಮಲ್ಲೇಶ್ವರದಲ್ಲಿ ತೋರಿಸ್ತಾರೆ. ಸ್ಟೆರಾಯ್ಡ್‌ನಿಂದ ಕೆಲವು ದಿನ ಶುಗರ್ ಏರುತ್ತೆ. ಚೀಟಿಯಲ್ಲಿ ಇಲ್ಲದಿದ್ದರೆ ಅಲ್ಲಿನವರು ಮಾತ್ರೆ ಹೆಚ್ಚಿಸಿ ಕಳಿಸ್ತಾರೆ, ಏರಿದ್ದು ಇಳಿದ ಮೇಲೆ ಲೋ ಶುಗರ್.

ಬರೆಯೋಕೆ ಒಂದೇ ಸಾಲು ಸಾಕು: “ಬಲ ಎಲ್5, ಸಿ-ಆರ್ಮ್, ಕಾಂಟ್ರಾಸ್ಟ್ 1 ಮಿಲಿ, ಡೆಕ್ಸಾಮೆಥಾಸೋನ್ 8 ಮಿ.ಗ್ರಾಂ., 1% ಲಿಗ್ನೋಕೇನ್ 1 ಮಿಲಿ, ನೋವು 8ರಿಂದ 2.” ಬರೆದಿಲ್ಲ ಅಂದ್ರೆ ಕೌಂಟರ್ ಬಿಟ್ಟು ಏಳಬೇಡಿ, ಕೇಳಿ ಬರೆಸ್ಕೊಳ್ಳಿ.

ಮರಗಟ್ಟಿದ್ದು ಅವತ್ತೇ ಬಿಟ್ಟು ನೋವು ಮರಳಬಹುದು; ಸ್ಟೆರಾಯ್ಡ್ ಕೆಲಸ ಶುರುವಾಗೋಕೆ 2ರಿಂದ 7 ದಿನ ಬೇಕು, ಗಾಬರಿ ಬೇಡ. ಆದರೆ ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಮರಗಟ್ಟಿದ್ದು ಬಿಟ್ಟ ಮೇಲೂ ಪಾದ ಎತ್ತಲಾಗದಿದ್ದರೆ ಬೆಳಗಾಗೋದನ್ನ ಕಾಯದೆ ಆಸ್ಪತ್ರೆಗೆ ಹೋಗಬೇಕು. ಔಷಧದಿಂದ ಕಾಲು ಕೆಲವು ಗಂಟೆ ಸೋತಿರಬಹುದು, ಅವತ್ತು ಸ್ಕೂಟರ್ ಮುಟ್ಟಬಾರದು. ಆ ಚೀಟಿಯಲ್ಲಿ ಇದೂ ಇರಲಿಲ್ಲ.