ಜಡೆಗೇನು ಮುಯ್ಯಿ?

ಒರೆಸಿದ ನೆಲ ಒಣಗುವ ಮುಂಚೆ ಓಡಾಡಬೇಡಿ ಅಂತ ಮನೆಮಂದಿಗೆಲ್ಲ ಕೂಗುವವಳು ನಾನು. ಜಾರಿ ಬಿದ್ದವಳೂ ನಾನೇ. ಬಲಗೈ ಊರಿ ಬಿದ್ದೆ, ಮಣಿಕಟ್ಟು ಮುರಿಯಿತು. ಹಸಿ ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ‘6 ವಾರ’ ಅಂದರು ಡಾಕ್ಟರು.

ನಾನು ಮನೆಗೆ ಬರುವಷ್ಟರಲ್ಲಿ ಸುದ್ದಿ ಬೀದಿಯೆಲ್ಲ ಸುತ್ತಿತ್ತು. ಬಂದವರೆಲ್ಲ ಕೇಳಿದ್ದು ಒಂದೇ: ‘ಪುತ್ತೂರು ಕಟ್ಟು ಹಾಕಿಸಬಾರದಿತ್ತಾ?’ ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಹತ್ತಿರದ್ದು. ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತುವ ಆ ಕಟ್ಟಿನ ಬೋರ್ಡು ಬೆಂಗಳೂರಲ್ಲೂ ಬೇಕಾದಷ್ಟಿವೆ. ನಮ್ಮ ಬೀದಿಯಲ್ಲಿ ಇಷ್ಟೊಂದು ಮೂಳೆ ತಜ್ಞರಿದ್ದಾರೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ.

ಸಲಹೆ ಜೊತೆ ಸ್ಟೀಲ್ ಡಬ್ಬಿಗಳೂ ಬಂದವು. ಹುಳಿ, ಪಲ್ಯ, ಒಂದು ದಿನ ಮೂರು ಮನೆಯಿಂದ ಉಪ್ಪಿಟ್ಟು. ‘ಅಯ್ಯೋ ಯಾಕೆ, ನಾನೇ ಮಾಡ್ಕೋತೀನಿ’ ಅನ್ನುತ್ತಿದ್ದೆ. ಬರೀ ಬಾಯಿಮಾತು. ಚೂಡಿದಾರದ ಲಾಡಿ ಎಡಗೈಲಿ ಕಟ್ಟಲು ನೋಡಿ, ಆಗ ಗೊತ್ತಾಗುತ್ತೆ.

ಮೂರನೇ ದಿನ ಎದುರುಮನೆ ಅಜ್ಜಿ ಬಂದರು. ಅವರ ನುಗ್ಗೆಮರದ ಎಲೆ ನಮ್ಮ ಅಂಗಳಕ್ಕೆ ಉದುರುತ್ತದೆ ಅಂತ ಜಗಳವಾಡಿ, ಎರಡು ವರ್ಷದಿಂದ ನಮಗೆ ಮಾತಿರಲಿಲ್ಲ. ಕೆದರಿದ ನನ್ನ ತಲೆ ನೋಡಿ ‘ಏನೇ ಇದು ಅವತಾರ? ಕೂತ್ಕೋ’ ಅಂದರು. ಮೆಟ್ಟಿಲ ಮೇಲೆ ಕೂತೆ. ಹಿಂದೆ ಅವರು ಕೂತು, ಎರಡೂ ಮಂಡಿಯಲ್ಲಿ ನನ್ನ ಭುಜ ಹಿಡಿದಿಟ್ಟರು. ನೆತ್ತಿಗೆ ಎಣ್ಣೆ ಸುರಿದರು. ಸಿಕ್ಕು ಬಿಡಿಸಿ, ಬೈತಲೆ ತೆಗೆದು, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆಣೆದರು. ‘ತಲೆ ಅಲ್ಲಾಡಿಸಬೇಡ’ ಅಂತ ಒಂದು ಏಟು ಬೇರೆ. ಐವತ್ತು ದಾಟಿದವಳಿಗೆ! ನನಗೆ ಕಣ್ಣು ತುಂಬಿತು. ಜಡೆ ಬಿಗಿಯಾಗಿತ್ತು ಅಂತ ಹೇಳಿದೆ.

ದಿನಾ ಬಂದರು. ಲೆಕ್ಕ ಇಡುವ ಬುದ್ಧಿ ನನಗೆ ಅಮ್ಮನಿಂದ ಬಂದದ್ದು. ಮದುವೆಯಲ್ಲಿ ಯಾರು 51 ಕೊಟ್ಟರು, ಯಾರು 101 ಅಂತ ಅವಳ ಮುಯ್ಯಿ ಪುಸ್ತಕದಲ್ಲಿ ಸಾಲಾಗಿ ಇರುತ್ತಿತ್ತು. ನಮ್ಮ ಮಲೆನಾಡಲ್ಲಿ ಕೆಲಸಕ್ಕೂ ಮುಯ್ಯಾಳು: ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಡಬ್ಬಿಗಳ ಮುಯ್ಯಿ ಸುಲಭ. ಖಾಲಿ ಕೊಡಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಿದರಾಯಿತು. ಜಡೆಗೇನು ಹಾಕೋದು? ಕೇಳಿದೆ. ‘ಸುಮ್ನೆ ಕೂತ್ಕೊಳ್ಳೇ’ ಅಂದರು.

ಪ್ಲಾಸ್ಟರ್ ಬಿಚ್ಚಿದರು. ಕೈ ಸಣಕಲಾಗಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಮಾರನೇ ದಿನ ಅಜ್ಜಿ ಬಂದಾಗ ಬಾಚಣಿಗೆ ತಂದಿರಲಿಲ್ಲ. ಒಂದು ಹರಿದ ರವಿಕೆ, ಸೂಜಿ, ದಾರ. ‘ಪೋಣಿಸಿ ಕೊಡು. ನಂಗೆ ಕಾಣಲ್ಲ ಈಗ’ ಅಂದರು, ಬೇರೆ ಕಡೆ ನೋಡುತ್ತಾ.

ಮೂರು ಸಲ ದಾರ ತಪ್ಪಿತು. ಅಜ್ಜಿ ಮೆಟ್ಟಿಲ ಮೇಲೆ ಕಾಯುತ್ತಾ ಕೂತರು. ಅಂಗಳದ ತುಂಬ ನುಗ್ಗೆ ಎಲೆ.