ಸುಗಂಧ ತೈಲವೂ ಎದೆಬಡಿತವೂ

ಲ್ಯಾವೆಂಡರ್ ಎಣ್ಣೆಯ ಪುಟ್ಟ ಸೀಸೆಗಳ ಮೇಲೆ ಈಗೀಗ ಎರಡು ಭರವಸೆಗಳು ಜೊತೆಯಾಗಿ ಕಾಣಿಸುತ್ತಿವೆ: ಎದೆಬಡಿತ ಶಾಂತವಾಗುತ್ತದೆ, ಬುದ್ಧಿ ಚುರುಕಾಗುತ್ತದೆ. ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನನಗೆ ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಪರಿಮಳದ ಮೇಲೆ ನನಗೆ ದ್ವೇಷವಿಲ್ಲ. ಆದರೆ ನರಮಂಡಲವನ್ನು ತಣಿಸುವ ವಸ್ತು ಕೈಯನ್ನೂ ತುಸು ನಿಧಾನ ಮಾಡಬಹುದು ಎಂಬ ಸರಳ ಮಾತನ್ನು ಮರೆಮಾಚಿ ಮಾರುವುದು ಸರಿಯಲ್ಲ.

ಇಂಗ್ಲೆಂಡಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 144 ಜನರಿದ್ದರು. ಲ್ಯಾವೆಂಡರ್ ಪರಿಮಳದ ಕೋಣೆಯಲ್ಲಿ ಕುಳಿತವರ ಪ್ರತಿಕ್ರಿಯೆ, ವಾಸನೆಯಿಲ್ಲದ ಕೋಣೆಯಲ್ಲಿದ್ದವರಿಗಿಂತ ನಿಧಾನವಾಗಿತ್ತು. ರೋಸ್‌ಮರಿ ಎಂಬ ಇನ್ನೊಂದು ಸುಗಂಧ ಗಿಡದ ಪರಿಮಳ ನೆನಪನ್ನು ಗಟ್ಟಿಗೊಳಿಸಿತು, ಆದರೆ ನೆನಪಿಸಿಕೊಳ್ಳುವ ವೇಗ ತಗ್ಗಿತು. ಹಾಗೆಂದು ಲ್ಯಾವೆಂಡರ್ ಮಂಕು ಕವಿಸುತ್ತದೆ ಎಂದು ತೀರ್ಪು ಕೊಡುವಂತೆಯೂ ಇಲ್ಲ. ಅಮೆರಿಕದ ಮಯಾಮಿಯಲ್ಲಿ 40 ಜನರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದೇ ಎಣ್ಣೆಯನ್ನು ಮೂಸಿದವರು ಲೆಕ್ಕಗಳನ್ನು ಹೆಚ್ಚು ಬೇಗ, ಹೆಚ್ಚು ಸರಿಯಾಗಿ ಮಾಡಿದ್ದರು. ಇನ್ನು ಎದೆಬಡಿತ? ಅಮೆರಿಕದ್ದೇ ಆದ ಒಹಾಯೊ ರಾಜ್ಯದ ಸಂಶೋಧಕರು 2008ರಲ್ಲಿ 56 ಜನರ ಮೇಲೆ ನಡೆಸಿದ ಪ್ರಯೋಗವನ್ನು ವರದಿ ಮಾಡಿದರು. ನಿಂಬೆಯ ವಾಸನೆ ಮನಸ್ಸನ್ನು ಗೆಲುವಾಗಿಸಿತ್ತು, ಅಷ್ಟೇ. ಎದೆಬಡಿತವನ್ನಾಗಲಿ ರಕ್ತದೊತ್ತಡವನ್ನಾಗಲಿ ನಿಂಬೆಯೂ ಬದಲಿಸಲಿಲ್ಲ, ಲ್ಯಾವೆಂಡರೂ ಬದಲಿಸಲಿಲ್ಲ.

ಹಾಗಾದರೆ ಎಣ್ಣೆ ಮೂಸಿದೊಡನೆ ಹಾಯೆನಿಸುವುದು ಸುಳ್ಳೇ? ಖಂಡಿತ ಅಲ್ಲ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಹಿಡಿದು ನೋಡಿ. ಉಸಿರು ಒಳಗೆಳೆದಾಗ ಮಿಡಿತ ಒತ್ತೊತ್ತಾಗುತ್ತದೆ, ನಿಧಾನವಾಗಿ ಹೊರಬಿಟ್ಟಾಗ ಬಿಡಿಬಿಡಿಯಾಗುತ್ತದೆ. ಇದು ಮಿದುಳಿನಿಂದ ಹೃದಯಕ್ಕೆ ಇಳಿದು ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಕೆಲಸ. ಒಳ್ಳೆಯ ಪರಿಮಳ ಸಿಕ್ಕರೆ ನಾವು ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದು, ಮೆಲ್ಲಗೆ ಬಿಡುತ್ತೇವೆ. ಉಸಿರಿಗೆ ಸಲ್ಲಬೇಕಾದ ಹೆಸರಿನ ದೊಡ್ಡ ಪಾಲು ಸೀಸೆಗೆ ಹೋಗುತ್ತಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರತಿಕ್ರಿಯೆಯ ವೇಗವನ್ನು ತರಗತಿಯಲ್ಲೇ ಅಳೆಯಬಹುದು. ಒಬ್ಬರು ಸ್ಕೇಲನ್ನು ಮೇಲಿನಿಂದ ತೂಗಿಹಿಡಿದು ಹೇಳದೆ ಬಿಡಬೇಕು, ಇನ್ನೊಬ್ಬರು ಎರಡು ಬೆರಳ ನಡುವೆ ಅದನ್ನು ಹಿಡಿಯಬೇಕು. 15 ಸೆಂ.ಮೀ. ಜಾರಿದರೆ ಸುಮಾರು 0.175 ಸೆಕೆಂಡು, 20 ಸೆಂ.ಮೀ. ಜಾರಿದರೆ 0.2 ಸೆಕೆಂಡು. ಒಂದೇ ಹುಡುಗಿ ಒಮ್ಮೆ 20ಕ್ಕೆ ಹಿಡಿದವಳು ಮರುಕ್ಷಣ 15ಕ್ಕೆ ಹಿಡಿಯುತ್ತಾಳೆ, ಯಾವ ಎಣ್ಣೆಯ ನೆರವೂ ಇಲ್ಲದೆ. ನಿದ್ದೆ, ಅಭ್ಯಾಸ, ಗಮನ ಇವೆಲ್ಲ ಆ ಅಂತರದೊಳಗೆ ಸೇರಿರುತ್ತವೆ.

ನಮ್ಮ ಬೀದಿಯ ಹಿರಿಯರೊಬ್ಬರು ರಕ್ತದೊತ್ತಡದ ಮಾತ್ರೆ ಬದಿಗಿಟ್ಟು, ಎಣ್ಣೆಯ ಪರಿಮಳವನ್ನು ಕೋಣೆಗೆ ಹರಡುವ ಡಿಫ್ಯೂಸರ್ ತಂದಿಟ್ಟುಕೊಂಡಿದ್ದರು. “ಇದು ಬರೀ ಗಿಡದ್ದು ಕಣಮ್ಮ, ಏನೂ ಆಗುವುದಿಲ್ಲ” ಎಂದರು. “ಪರಿಮಳ ಇರಲಿ ಅಜ್ಜ, ಮಾತ್ರೆಯನ್ನು ಮಾತ್ರ ಬಿಡಬೇಡಿ, ಡಾಕ್ಟರನ್ನು ಕೇಳಿ” ಎಂದು ಬೇಡಿಕೊಂಡೆ. ಗಿಡದ್ದು ಎಂದರೆ ನಿರಪಾಯ ಎಂಬ ನಂಬಿಕೆ ನಿಜಕ್ಕೂ ಅಪಾಯಕಾರಿ. ಕರ್ಪೂರವೂ ನೀಲಗಿರಿ ಎಣ್ಣೆಯೂ ಹೊಟ್ಟೆಗೆ ಹೋದರೆ ಎಳೆ ಮಕ್ಕಳಿಗೆ ಫಿಟ್ಸ್ ಬರಬಹುದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿರುವುದು ನಮ್ಮ ಶ್ರೀಗಂಧ. ಮೈಸೂರಿನಲ್ಲಿ ಗಂಧದೆಣ್ಣೆಯ ಸರ್ಕಾರಿ ಕಾರ್ಖಾನೆ ಶುರುವಾದದ್ದು 1916ರಲ್ಲಿ. ಆದರೆ ಈ ಎಣ್ಣೆ ದೇಹಕ್ಕೆ ಏನು ಮಾಡುತ್ತದೆ ಎಂದು ಕೂತು ಅಳೆದವರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾದ ಸಂಶೋಧಕರು ಮುಖ್ಯರು. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಎಣ್ಣೆಯನ್ನು ಚರ್ಮಕ್ಕೆ ಹಚ್ಚಿ, ವಾಸನೆ ಮೂಗಿಗೆ ತಾಗದಂತೆ ಬೇರೆ ಗಾಳಿ ಕೊಟ್ಟರು. ದೇಹ ವಿಶ್ರಾಂತಿಯ ಕಡೆಗೆ ವಾಲಿತು. 2006ರ ವರದಿಯಲ್ಲಿ ಅದೇ ಎಣ್ಣೆಯನ್ನು ಮೂಸಲು ಕೊಟ್ಟಿದ್ದರು. ಈ ಬಾರಿ ನಾಡಿಬಡಿತ ಏರಿತು, ರಕ್ತದೊತ್ತಡದ ಮೇಲಿನ ಅಂಕಿಯೂ ಏರಿತು! ವಾಸನೆ ಅವರಿಗೆ ಹೇಗೆನಿಸಿತು ಎಂಬುದಕ್ಕೂ ಈ ಏರಿಕೆಗೂ ನಂಟಿತ್ತು.

ಅವು ವಿಯೆನ್ನಾದ ಮೂಗುಗಳು. ಪೂಜೆಗೆ ಗಂಧ ತೇಯುವುದನ್ನು ದಿನವೂ ನೋಡಿ ಬೆಳೆದವರಲ್ಲಿ ನಾಡಿ ಏರುತ್ತದೆಯೋ ಇಳಿಯುತ್ತದೆಯೋ? ನಮ್ಮ ವೈದ್ಯಕೀಯ ಕಾಲೇಜುಗಳ ಶರೀರಕ್ರಿಯಾಶಾಸ್ತ್ರ ವಿಭಾಗಗಳು ಇದನ್ನು ಕೈಗೆತ್ತಿಕೊಳ್ಳಬೇಕು. ಇಸಿಜಿ ಯಂತ್ರವಿದೆ, ವಿದ್ಯಾರ್ಥಿಗಳಿದ್ದಾರೆ. ಗಂಧ ಮೂಸುವವರೂ ವಾಸನೆಯಿಲ್ಲದ ಎಣ್ಣೆ ಮೂಸುವವರೂ ಒಂದೇ ತಾಳದಲ್ಲಿ ಉಸಿರಾಡುವಂತೆ ನೋಡಿಕೊಂಡರೆ ಉಸಿರಿನ ಪಾಲೆಷ್ಟು, ಗಂಧದ ಪಾಲೆಷ್ಟು ಎಂದು ಬಿಡಿಸಿ ಹೇಳಬಹುದು. ಯಾರಾದರೂ ಮುಂದೆ ಬಂದರೆ ನನ್ನ ವಿದ್ಯಾರ್ಥಿಗಳ ಪೋಷಕರ ಜೊತೆ ಮಾತನಾಡಿ ಸ್ವಯಂಸೇವಕರನ್ನು ಹುಡುಕಿಕೊಡಲು ನಾನು ಸಿದ್ಧಳಿದ್ದೇನೆ.