ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ

ಜುಲೈ 1 ಬಂತೆಂದರೆ ಕೋಲಾರದಲ್ಲೂ ಪತ್ರಿಕಾ ದಿನಾಚರಣೆ. 1843ರಲ್ಲಿ ಇದೇ ದಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ಹೊರತಂದರು ಎಂಬಲ್ಲಿಗೆ ಭಾಷಣ ಶುರುವಾಗುತ್ತದೆ. ಅಲ್ಲಿಂದ ನಮ್ಮ ಮುಳಬಾಗಿಲಿನ ಡಿ.ವಿ.ಜಿ.ಯವರಿಗೆ ಕೈ ಮುಗಿದು, ಮೊಬೈಲ್ ಬಂದ ಮೇಲೆ ಅಚ್ಚಿನ ಪತ್ರಿಕೆಗೆ ಭವಿಷ್ಯವಿದೆಯೇ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಉತ್ತರ ಹೇಳುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಉತ್ತರ ನನಗೆ ಗೊತ್ತು. ಸಾವಿರದ ಇನ್ನೂರು ರೂಪಾಯಿ ತೆತ್ತು ತಿಳಿದುಕೊಂಡಿದ್ದೇನೆ. ಅಚ್ಚಿನ ಪತ್ರಿಕೆಗೆ ಸಾವಿಲ್ಲ. ಓದುಗರು ಕೈಬಿಟ್ಟರೂ ಕಾನೂನು ಅದನ್ನು ಕೈಬಿಡುವುದಿಲ್ಲ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮವನ್ನು ನೋಡಿ. ಪ್ರತಿವಾದಿ ಸಮನ್ಸು ತಪ್ಪಿಸಿಕೊಂಡು ಓಡಾಡುತ್ತಿದ್ದಾನೆ ಎಂದು ನ್ಯಾಯಾಲಯಕ್ಕೆ ಅನಿಸಿದರೆ, ಅವನು ಕೊನೆಯದಾಗಿ ವಾಸವಿದ್ದ ಕಡೆ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಅದನ್ನು ಪ್ರಕಟಿಸಲು ಹೇಳಬಹುದು. ಪ್ರಕಟವಾದರೆ ಖುದ್ದು ಅವನ ಕೈಗೇ ಕೊಟ್ಟಂತೆ ಲೆಕ್ಕ. ನಿಮ್ಮ ಜಮೀನನ್ನು ಸರ್ಕಾರ ಸ್ವಾಧೀನ ಮಾಡಿಕೊಳ್ಳುವುದಾದರೆ 2013ರ ಕಾಯ್ದೆಯ ಪ್ರಕಾರ ಎರಡು ದಿನಪತ್ರಿಕೆಗಳಲ್ಲಿ ಅಧಿಸೂಚನೆ ಬರಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದು. ಸಾಲ ತೀರಿಸದವನ ಮನೆಗೆ ಬ್ಯಾಂಕಿನವರು ಬೀಗ ಹಾಕಿದರೂ ಎರಡು ಪತ್ರಿಕೆ. ಹೀಗೆ, ಕಾನೂನಿನ ಕಣ್ಣಿನಲ್ಲಿ ಕೋಲಾರ ಜಿಲ್ಲೆಯ ಪ್ರತಿಯೊಬ್ಬ ಪ್ರಜೆಯೂ ಬೆಳಗ್ಗೆ ಎದ್ದು, ಮುಖ ತೊಳೆದು, ಪತ್ರಿಕೆಯನ್ನು ತಲೆಬರಹದಿಂದ ಹಿಡಿದು ಮುದ್ರಕರ ಹೆಸರಿನವರೆಗೆ ಓದಿ ಮುಗಿಸಿದ ಮೇಲೆಯೇ ಹಾಲು ಕರೆಯಲು ಹೋಗುತ್ತಾನೆ.

ಅವನು ಬೆಳಗ್ಗೆ ಎದ್ದು ನೋಡುವುದು ಟೊಮೆಟೊ ದರವನ್ನು, ಅದೂ ಮೊಬೈಲಿನಲ್ಲಿ. ಎ.ಪಿ.ಎಂ.ಸಿ.ಯಲ್ಲಿ ಹರಾಜು ಕೂಗಿದ ಐದು ನಿಮಿಷಕ್ಕೆ ಬಾಕ್ಸಿನ ಬೆಲೆ ವಾಟ್ಸ್ಆ್ಯಪ್ ಗುಂಪಿಗೆ ಬಂದಿರುತ್ತದೆ. ಮಾರನೆಯ ದಿನ ಅದೇ ಬೆಲೆ ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಅದು ಇತಿಹಾಸ ಸಂಶೋಧಕರಿಗೆ ಮಾತ್ರ ಉಪಯೋಗ. ಆಮೇಲೆ ಪತ್ರಿಕೆ ರದ್ದಿಯಾಗಿ, ಕೆ.ಜಿ. ಲೆಕ್ಕದಲ್ಲಿ ಶ್ರೀನಿವಾಸಪುರದ ಮಂಡಿ ಸೇರಿ, ಮಾವಿನ ಪೆಟ್ಟಿಗೆಯ ತಳಕ್ಕೆ ಹಾಸಾಗುತ್ತದೆ. ಆ ಸಮನ್ಸು ಪ್ರತಿವಾದಿಯ ಕಣ್ಣಿಗೆ ಬೀಳಬೇಕಾದರೆ ಅವನು ಒಂದು ಪೆಟ್ಟಿಗೆ ಬಾದಾಮಿ ಕೊಳ್ಳಬೇಕು, ಅಷ್ಟೂ ಹಣ್ಣನ್ನು ತಿಂದು ಮುಗಿಸಬೇಕು.

ಇನ್ನು ನನ್ನ ಸಾವಿರದ ಇನ್ನೂರರ ಕಥೆ. ಶಾಲೆಯ ದಾಖಲೆಯಲ್ಲಿ ನಾನು ರಮಣ. ಅಪ್ಪನ ಕಾಲದ ಪಹಣಿಯಲ್ಲಿ ರವಣ. ಕೋಲಾರದ ಕಡೆ ಇದು ಹೊಸದೇನಲ್ಲ. ಇಲ್ಲಿ ವೆಂಕಟರಮಣನೇ ವೆಂಕಟರವಣನಾಗಿ ಶತಮಾನಗಳಿಂದ ಪೂಜೆ ಮಾಡಿಸಿಕೊಳ್ಳುತ್ತಿದ್ದಾನೆ, ಯಾವ ಗುಮಾಸ್ತನೂ ಅವನನ್ನು ತಡೆದಿಲ್ಲ. ವಕಾರದ ಬಾಲಕ್ಕೆ ಒಂದು ಸುರುಳಿ ಹೆಚ್ಚು ಸುತ್ತಿದರೆ ಮಕಾರ. ಆ ಸುರುಳಿ ಇಲ್ಲದ ಕಾರಣ ನಾನೊಂದು ಕಚೇರಿಯ ಕಿಟಕಿಯ ಮುಂದೆ ನಿಂತೆ. ಇಬ್ಬರೂ ಒಬ್ಬನೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಪೇಪರಿನಲ್ಲಿ ಹಾಕಿಸಿಕೊಂಡು ಬನ್ನಿ ಎಂದರು.

ಪತ್ರಿಕೆಯ ಕಚೇರಿ ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲಿತ್ತು. ಸಂಪಾದಕರೇ ವರದಿಗಾರರು, ಅವರೇ ಜಾಹೀರಾತು ವಿಭಾಗ. ರಸೀದಿ ಬರೆಯುತ್ತಾ ಕೇಳಿದರು: “ಎಷ್ಟು ಪ್ರತಿ ಬೇಕು ಸ್ವಾಮಿ?”

“ಒಂದು ಸಾಕು.”

“ಒಂದು ಸಾಲದು. ಕಚೇರಿಗೊಂದು, ವಕೀಲರಿಗೊಂದು, ಮನೆಗೊಂದು. ಮೂರು ಹೆಚ್ಚಿಗೆ ಹಾಕಿಸುತ್ತೇನೆ.” ಅಂದಿನ ಪ್ರಸಾರ ಸಂಖ್ಯೆ ಗಣನೀಯವಾಗಿ ಏರಿದ ಸಂತೋಷ ಅವರ ಮುಖದಲ್ಲಿ ಕಾಣಿಸಿತು.

ತಡೆಯಲಾರದೆ ಕೇಳಿಯೇಬಿಟ್ಟೆ: “ಇದನ್ನು ಯಾರಾದರೂ ಓದುತ್ತಾರೆಯೇ?”

ಅವರು ಬೇಸರಪಟ್ಟುಕೊಳ್ಳಲಿಲ್ಲ. “ಓದಿದರೆ ತಾನೇ ತಕರಾರು ಬರುವುದು? ನಮ್ಮಲ್ಲಿ ಪ್ರಕಟಣೆ ಹಾಕಿಸಿ ಜಮೀನು ಕೊಂಡವರಿಗೆ ಇದುವರೆಗೆ ಒಂದೇ ಒಂದು ಆಕ್ಷೇಪಣೆ ಬಂದಿಲ್ಲ. ಬೇಕಾದರೆ ವಿಚಾರಿಸಿ” ಎಂದರು. ಪ್ರಸಾರ ಕಡಿಮೆಯಿರುವುದನ್ನೇ ಬಂಡವಾಳ ಮಾಡಿಕೊಂಡ ಆ ಮನುಷ್ಯನ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಡಿಜಿಟಲ್ ಯುಗದ ಸವಾಲುಗಳ ಬಗ್ಗೆ ಉಪನ್ಯಾಸ ಕೊಡುವವರು ಮೊದಲು ಆ ಮಹಡಿ ಹತ್ತಬೇಕು.

ಮಾರನೆಯ ದಿನ ಮೂರು ಪ್ರತಿ ಸಿಕ್ಕವು. ಕಚೇರಿಗೆ ಹೋದರೆ, ಕಾಗದ ಇಲ್ಲಿ ತೆಗೆದುಕೊಳ್ಳುವುದಿಲ್ಲ, ಎಲ್ಲವೂ ಆನ್‌ಲೈನ್ ಎಂದರು. ಪತ್ರಿಕೆಯವರು ಆ ಪುಟದ ಪಿ.ಡಿ.ಎಫ್. ಅನ್ನು ಹಿಂದಿನ ರಾತ್ರಿಯೇ ನನ್ನ ಮೊಬೈಲಿಗೆ ಕಳಿಸಿದ್ದರು. ಅದನ್ನೇ ತೋರಿಸಿದೆ. ಅದು ನಡೆಯುವುದಿಲ್ಲ, ಅಚ್ಚಾದ ಪೇಪರೇ ಆಗಬೇಕು ಎಂದರು. ಹಾಗಾಗಿ ಕಂಪ್ಯೂಟರಿನಲ್ಲಿ ಹುಟ್ಟಿ ಕಾಗದಕ್ಕಿಳಿದಿದ್ದ ಪ್ರಕಟಣೆಯನ್ನು ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಜೆರಾಕ್ಸ್ ಮಾಡಿಸಿ, ಅದಕ್ಕೆ ದೃಢೀಕರಣದ ಮೊಹರು ಹಾಕಿಸಿ, ಸ್ಕ್ಯಾನ್ ಮಾಡಿಸಿ, ಮತ್ತೆ ಪಿ.ಡಿ.ಎಫ್. ಮಾಡಿ ಏರಿಸಿದ್ದಾಯಿತು. 200 ಕೆ.ಬಿ. ಮೀರಬಾರದೆಂಬ ನಿಯಮವಿದ್ದುದರಿಂದ ಅಂಗಡಿಯ ಹುಡುಗ ಅದನ್ನು ಕುಗ್ಗಿಸಿದ. ಕುಗ್ಗಿದ ಮೇಲೆ ಅಕ್ಷರಗಳು ರಾಗಿ ಚೆಲ್ಲಿದಂತೆ ಕಂಡವು. ನಾನು ಏರಿಸಿದ್ದನ್ನು ಒಳಗೆ ಕುಳಿತ ಗುಮಾಸ್ತರು ಪ್ರಿಂಟ್ ತೆಗೆದು, ತೂತು ಹೊಡೆದು, ಕಡತಕ್ಕೆ ದಾರ ಕಟ್ಟಿದರು. ಇಂಟರ್ನೆಟ್ಟು ಕಾಗದವನ್ನು ನುಂಗುತ್ತಿದೆ ಎನ್ನುತ್ತಾರೆ. ಕಾಗದ ಅದನ್ನು ನುಂಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. (ಪತ್ರಿಕೆಗಳೂ ಸೇಡು ತೀರಿಸಿಕೊಳ್ಳುವಂತಿಲ್ಲ. 1867ರ ಹಳೆಯ ಕಾಯ್ದೆ ಹೋಗಿ 2024ರ ಮಾರ್ಚ್ 1ರಿಂದ ಹೊಸದು ಜಾರಿಯಾದ ಮೇಲೆ, ಅಚ್ಚಿನ ಪತ್ರಿಕೆ ಹುಟ್ಟಬೇಕಾದರೂ ನೋಂದಣಿ ಆನ್‌ಲೈನಿನಲ್ಲೇ.)

ಮೂರನೆಯ ಪ್ರತಿ ಮನೆಯ ಜಗಲಿಯ ಮೇಲೆ ಬಿದ್ದಿತ್ತು. ಅಮ್ಮ ಅವರೆಕಾಯಿ ಬಿಡಿಸಲು ಅದನ್ನು ಹಾಸಿಕೊಂಡು ಕುಳಿತವಳು, ಮಗನ ಹೆಸರು ಕಂಡದ್ದರಿಂದ ಕಾಯಿಯನ್ನು ಪಕ್ಕಕ್ಕೆ ಸರಿಸಿ ಅಕ್ಷರದ ಮೇಲೆ ಬೆರಳಿಟ್ಟು ಓದತೊಡಗಿದಳು. ಎರಡು ಸಲ ಓದಿದಳು.

“ಏನಪ್ಪಾ ಇದು, ‘ರಮಣ ಮತ್ತು ರಮಣ ಎಂಬ ಎರಡೂ ಹೆಸರಿನ ವ್ಯಕ್ತಿ ನಾನೇ ಆಗಿರುತ್ತೇನೆ’ ಅಂತ ಹಾಕಿಸಿದ್ದೀಯ? ಇದಕ್ಕೆ ದುಡ್ಡು ಬೇರೆ ಕೊಟ್ಟೆಯಾ?”

ಕಿತ್ತುಕೊಂಡು ನೋಡಿದೆ. ಹೌದು, ಎರಡು ಕಡೆಯೂ ಸುರುಳಿ ಇತ್ತು. ಸಂಪಾದಕರು ನೋಡಿರಲಿಲ್ಲ, ಮೊಹರು ಹಾಕಿದವರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಮತ್ತೆ ಮಹಡಿ ಹತ್ತಬೇಕಲ್ಲ ಎಂದು ಚಪ್ಪಲಿ ಮೆಟ್ಟುತ್ತಿರುವಾಗ ಮೊಬೈಲ್ ಸದ್ದು ಮಾಡಿತು: “ನಿಮ್ಮ ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಅರ್ಜಿಯನ್ನು ಅಂಗೀಕರಿಸಲಾಗಿದೆ.”

ಚಪ್ಪಲಿ ಬಿಟ್ಟು ಒಳಗೆ ಬಂದೆ. ಅಮ್ಮ ಆಗಲೇ ಆ ಪ್ರಕಟಣೆಯ ಮೇಲೆ ಅವರೆಕಾಯಿ ಸುರಿದುಕೊಂಡಿದ್ದಳು.